ನೂರಿಪ್ಪತ್ಮೂರು ಕುರ್ಚಿಗಳು

ತಿಂಗಳಿಗೊಮ್ಮೆ ನಾನು ಒಂದು ಪಟ್ಟಿಯನ್ನು ಓದುತ್ತೇನೆ. ಓದುತ್ತೇನೆ ಅನ್ನುವುದಕ್ಕಿಂತ, ಅಜ್ಜಿ ಪಂಚಾಂಗ ನೋಡುತ್ತಿದ್ದ ಹಾಗೆ ನೋಡುತ್ತೇನೆ ಅಂದರೆ ಸರಿ. ಯಾವ ವಾರ ಏನುಂಟು, ಯಾವ ದಿನ ಆಗುತ್ತದೆ, ಯಾವುದನ್ನು ಬಿಟ್ಟರೂ ತೊಂದರೆಯಿಲ್ಲ ಎಂಬ ಲೆಕ್ಕಾಚಾರ. ನ್ಯೂಯಾರ್ಕಿನ ಗ್ರೆನಿಚ್ ವಿಲೇಜಿನಲ್ಲಿ, ಸೆವೆನ್ತ್ ಅವೆನ್ಯೂ ಸೌತ್ ರಸ್ತೆಯ 178ನೇ ನಂಬರಿನ ಕಟ್ಟಡದ ನೆಲಮಾಳಿಗೆಯಲ್ಲಿ ವಿಲೇಜ್ ವ್ಯಾನ್‌ಗಾರ್ಡ್ ಎಂಬ ಜಾಝ್ ಕ್ಲಬ್ಬು ಇದೆ. ಅಲ್ಲಿ ಮುಂದೆ ನಡೆಯಲಿರುವ ಕಛೇರಿಗಳ ಪಟ್ಟಿ ಅದು.

ಪಟ್ಟಿ ನೋಡಲು ಬಹಳ ಸಪ್ಪೆ. ಒಂದು ವಾರಕ್ಕೆ ಒಂದು ಹೆಸರು. ಮಂಗಳವಾರದಿಂದ ಭಾನುವಾರದವರೆಗೆ ಅದೇ ತಂಡ, ರಾತ್ರಿಗೆ ಎರಡು ಕಛೇರಿ, ಎಂಟು ಗಂಟೆಗೊಂದು, ಹತ್ತು ಗಂಟೆಗೊಂದು. ತಂಡದ ಯಜಮಾನನ ಹೆಸರು, ಕೆಳಗೆ ಜೊತೆಗಾರರ ಹೆಸರು, ಪಕ್ಕದಲ್ಲಿ ಅವರವರ ವಾದ್ಯ. ಅಷ್ಟೇ. ಸೋಮವಾರ ಮಾತ್ರ ಬೇರೆ. ಅಂದು ಕ್ಲಬ್ಬಿನದ್ದೇ ಆದ ದೊಡ್ಡ ವಾದ್ಯವೃಂದ. 1966ರ ಫೆಬ್ರವರಿಯಲ್ಲಿ ಥ್ಯಾಡ್ ಜೋನ್ಸ್ ಮತ್ತು ಮೆಲ್ ಲೂಯಿಸ್ ಎಂಬಿಬ್ಬರು ಶುರುಮಾಡಿದ್ದು. ಇಬ್ಬರೂ ತೀರಿಹೋಗಿ ವರ್ಷಗಳಾದವು, ಸೋಮವಾರ ಮಾತ್ರ ತಪ್ಪಿಲ್ಲ.

ನೆಲಮಾಳಿಗೆಯ ಆ ಕೋಣೆಯಲ್ಲಿ ಕೂರಲು ಜಾಗ ಇರುವುದು ನೂರಿಪ್ಪತ್ಮೂರು ಜನರಿಗೆ. ಒಮ್ಮೆ ರೈಲಿನಲ್ಲಿ ಕೂತು ಲೆಕ್ಕ ಹಾಕಿದೆ. 123 ಜನ, ದಿನಕ್ಕೆ ಎರಡು ಕಛೇರಿ, ಆರು ದಿನ. ಪ್ರತಿ ಕುರ್ಚಿ ತುಂಬಿದರೂ ವಾರಕ್ಕೆ 1476 ಜನ. ಪುತ್ತೂರು, ಬಂಟ್ವಾಳದ ಕಡೆ ಒಂದು ಹದವಾದ ಮದುವೆಯಲ್ಲಿ ಒಂದೇ ಮಧ್ಯಾಹ್ನಕ್ಕೆ ಬೀಳುವ ಬಾಳೆಲೆಗಳ ಲೆಕ್ಕವೂ ಹೆಚ್ಚುಕಮ್ಮಿ ಇಷ್ಟೇ. ಈ ಹೋಲಿಕೆ ಸುಮ್ಮನೆ ಹೊಳೆದದ್ದಲ್ಲ. ನಾನು ಸ್ಯಾಕ್ಸೋಫೋನನ್ನು ಮೊದಲು ಕೇಳಿದ್ದು ಮದುವೆ ಮಂಟಪದಲ್ಲಿ.

ಹೊರಗಿನ ಗೆಳೆಯರಿಗೆ ಇದನ್ನು ಹೇಳಿದರೆ ತಮಾಷೆ ಅಂದುಕೊಳ್ಳುತ್ತಾರೆ. ದಕ್ಷಿಣ ಕನ್ನಡದಲ್ಲಿ ಸ್ಯಾಕ್ಸೋಫೋನು ಅಂದರೆ ವಾಲಗ. ದೇವಸ್ಥಾನದ ಉತ್ಸವ, ಗೃಹಪ್ರವೇಶ, ಮದುವೆ, ಎಲ್ಲಿ ಹಿಂದೆ ನಾಗಸ್ವರ ಇತ್ತೋ ಅಲ್ಲೆಲ್ಲ ಇಂದು ಹಿತ್ತಾಳೆಯ ಆ ಬಾಗಿದ ಕೊಳವೆ ಇದೆ. ಆಮಂತ್ರಣ ಪತ್ರಿಕೆಯ ಕೆಳಗಡೆ ಇಂಥವರಿಂದ ಸ್ಯಾಕ್ಸೋಫೋನ್ ವಾದನ ಎಂದು ಅಚ್ಚಾಗಿರುತ್ತದೆ. ಇದಕ್ಕೆ ಕಾರಣ ಕದ್ರಿ ಗೋಪಾಲನಾಥರು. ನಾಗಸ್ವರದ ಮನೆಯಲ್ಲಿ ಹುಟ್ಟಿದ ಹುಡುಗ, ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕೇಳಿ ಅದಕ್ಕೆ ಮರುಳಾಗಿ, ಮಂಗಳೂರಿನಲ್ಲಿ ಗೋಪಾಲಕೃಷ್ಣ ಅಯ್ಯರ್ ಅವರಲ್ಲಿ, ಆಮೇಲೆ ಮದ್ರಾಸಿನಲ್ಲಿ ಟಿ. ವಿ. ಗೋಪಾಲಕೃಷ್ಣನ್ ಅವರಲ್ಲಿ ಕಲಿತು, ಕೀಲಿಗಳನ್ನು ತನಗೆ ಬೇಕಾದ ಹಾಗೆ ಬದಲಿಸಿಕೊಂಡು, ಗಮಕಕ್ಕೆ ಒಗ್ಗದ ವಾದ್ಯದಿಂದ ಗಮಕ ಹೊರಡಿಸಿದ ಕತೆ ನಮ್ಮ ಕಡೆ ಮಕ್ಕಳಿಗೂ ಗೊತ್ತು. ಅವರ ಹೆಸರು ಮೇಲೆ ಬಂದ ಮೇಲೆ ಊರೂರಿನ ವಾಲಗದ ಮನೆಗಳಲ್ಲಿ ನಾಗಸ್ವರ ಗೋಡೆಗೆ ಹೋಯಿತು, ಸ್ಯಾಕ್ಸೋಫೋನು ಕೈಗೆ ಬಂತು. ನನ್ನ ಸೋದರಮಾವನದೂ ಅದೇ ಕತೆ. ಅಜ್ಜನಿಂದ ಕಲಿತದ್ದು ನಾಗಸ್ವರ. 1980ರ ದಶಕದಲ್ಲಿ ಸಾಲ ಮಾಡಿ ತಂದದ್ದು ಒಂದು ಹಳೆಯ ಆಲ್ಟೋ ಸ್ಯಾಕ್ಸೋಫೋನು.

ಹಾಗಾಗಿ, ಅಮೆರಿಕಕ್ಕೆ ಓದಲು ಬಂದ ಹೊಸದರಲ್ಲಿ ಒಬ್ಬ ಸಹಪಾಠಿ ತನ್ನ ಹೆಡ್‌ಫೋನ್ ಕೊಟ್ಟು ಜಾಝ್ ಕೇಳಿಸಿದಾಗ ನನಗೆ ಅನಿಸಿದ್ದು ಇಷ್ಟು: ಅರೆ, ಇವರೂ ನಮ್ಮ ವಾದ್ಯವನ್ನು ಊದುತ್ತಾರಲ್ಲ! ಅಜ್ಞಾನವೇ ಹೌದು. ಆದರೆ ರುದ್ರೇಶ್ ಮಹಾಂತಪ್ಪ ಎಂಬ ಹೆಸರಾಂತ ಅಮೆರಿಕನ್ ಸ್ಯಾಕ್ಸೋಫೋನ್ ವಾದಕನ ಕತೆ ಓದಿದ ಮೇಲೆ ಆ ಅಜ್ಞಾನದ ಬಗ್ಗೆ ನಾಚಿಕೆ ಕಡಿಮೆಯಾಯಿತು. ಆತ ವಿದ್ಯಾರ್ಥಿಯಾಗಿದ್ದಾಗ ಅಣ್ಣ ತಮಾಷೆಗೆಂದು ಒಂದು ಧ್ವನಿಮುದ್ರಿಕೆ ಉಡುಗೊರೆ ಕೊಟ್ಟನಂತೆ, ಭಾರತೀಯ ಶೈಲಿಯ ಸ್ಯಾಕ್ಸೋಫೋನು ಎಂದು. ಅದು ಕದ್ರಿಯವರದ್ದು. ಆ ತಮಾಷೆ ಬೆಳೆದು 2008ರಲ್ಲಿ ಇಬ್ಬರೂ ಸೇರಿ ನುಡಿಸಿದ ‘ಕಿನ್ಸ್‌ಮೆನ್’ ಎಂಬ ಆಲ್ಬಮ್ ಆಯಿತು. ಕಿನ್ಸ್‌ಮೆನ್ ಅಂದರೆ ನೆಂಟರು. ಸರಿಯಾದ ಹೆಸರು.

ನನಗೆ ಅಂದು ಸಹಪಾಠಿ ಕೇಳಿಸಿದ್ದರಲ್ಲಿ ಮನಸ್ಸಿಗೆ ತಾಕಿದ್ದು ಮಾತ್ರ ಸ್ಯಾಕ್ಸೋಫೋನಿನದ್ದಲ್ಲ, ಪಿಯಾನೋದ್ದು. ಬಿಲ್ ಎವಾನ್ಸ್ ಎಂಬ ಪಿಯಾನೋ ವಾದಕ, ಸ್ಕಾಟ್ ಲಫಾರೋ ಎಂಬ ಬಾಸ್ ವಾದಕ, ಪಾಲ್ ಮೋಶನ್ ಎಂಬ ಡ್ರಮ್ ವಾದಕ, ಮೂವರು 1961ರ ಜೂನ್ 25ರ ಭಾನುವಾರ ವ್ಯಾನ್‌ಗಾರ್ಡಿನಲ್ಲಿ ಮಧ್ಯಾಹ್ನದಿಂದ ರಾತ್ರಿಯವರೆಗೆ ಐದು ಸಲ ನುಡಿಸಿದ್ದರ ಮುದ್ರಣ. ಜಾಝ್ ಗೊತ್ತಿರುವವರು ಈ ಮುದ್ರಣದ ವಿಷಯ ಬಂದರೆ ಧ್ವನಿ ತಗ್ಗಿಸಿ ಮಾತಾಡುತ್ತಾರೆ. ಹನ್ನೊಂದು ದಿನ ಕಳೆಯುವಷ್ಟರಲ್ಲಿ ಲಫಾರೋ ಕಾರು ಅಪಘಾತದಲ್ಲಿ ತೀರಿಕೊಂಡ. ಇಪ್ಪತ್ತೈದು ವರ್ಷ.

ಇದೆಲ್ಲ ಆಗ ನನಗೆ ಗೊತ್ತಿರಲಿಲ್ಲ. ನನಗೆ ಕೇಳಿಸಿದ್ದು ಜನರ ಮಾತು. ಪಿಯಾನೋದ ಹಿಂದೆ ಗ್ಲಾಸುಗಳು ಒಂದಕ್ಕೊಂದು ತಾಗುತ್ತವೆ. ಯಾರೋ ಒಬ್ಬಳು ನಗುತ್ತಾಳೆ. ಯಾರೋ ಗುಸುಗುಸು ಮಾತಾಡುತ್ತಲೇ ಇದ್ದಾರೆ, ಜಗತ್ತಿನ ಅತ್ಯಂತ ಮೃದುವಾದ ಸಂಗೀತ ಹತ್ತಡಿ ದೂರದಲ್ಲಿ ಹುಟ್ಟುತ್ತಿರುವಾಗ. ಕಣ್ಣು ಮುಚ್ಚಿದರೆ ಮದುವೆ ಮಂಟಪ. ಸ್ಟೀಲ್ ಲೋಟಗಳ ಸದ್ದು, ಸೀರೆಯ ಮಾತು, ಮಕ್ಕಳ ಓಡಾಟ, ಇವುಗಳ ಹಿಂದೆ ಎಲ್ಲೋ ಮಾವನ ಹಂಸಧ್ವನಿ.

ಜರ್ಸಿ ಸಿಟಿಯಲ್ಲಿ ಕೆಲಸ ಸಿಕ್ಕ ಮೇಲೆ ಆ ಕೋಣೆಗೆ ಹೋಗುವುದು ಸುಲಭವಾಯಿತು. ಪಾಥ್ ರೈಲು ಹಿಡಿದು ಹಡ್ಸನ್ ನದಿಯ ಅಡಿಯಲ್ಲಿ ಹಾದು ಕ್ರಿಸ್ಟೋಫರ್ ಸ್ಟ್ರೀಟಿನಲ್ಲಿ ಇಳಿದರೆ ಆಮೇಲೆ ಸ್ವಲ್ಪ ನಡಿಗೆ. ಕೆಂಪು ಬಾಗಿಲು, ಕಡಿದಾದ ಇಕ್ಕಟ್ಟು ಮೆಟ್ಟಿಲು. ಕೆಳಗೆ ತ್ರಿಕೋನದಂಥ ಕೋಣೆ. ಚೂಪಾದ ಮೂಲೆಯಲ್ಲಿ ಪುಟ್ಟ ವೇದಿಕೆ, ಹಿಂದೆ ಪರದೆ. ಕುರ್ಚಿಗಳು ಎಷ್ಟು ಹತ್ತಿರವೆಂದರೆ ಮುಂದಿನ ಸಾಲಿನಲ್ಲಿ ಕೂತವರು ಕಾಲು ಚಾಚಿದರೆ ವಾದಕರಿಗೆ ತಾಗೀತು. ಕಛೇರಿಗೆ ಮೊದಲು ಒಂದು ಸೂಚನೆ: ಫೋಟೋ ಇಲ್ಲ, ಫೋನ್ ಇಲ್ಲ, ಮಾತು ಇಲ್ಲ. ನಡುನಡುವೆ ಪಕ್ಕದಲ್ಲೆಲ್ಲೋ ನೆಲದಡಿಯ ರೈಲು ಹೋದ ಗುಡುಗು ಮಾತ್ರ ಯಾರ ಸೂಚನೆಯನ್ನೂ ಕೇಳುವುದಿಲ್ಲ.

ಇಂಥ ಕೋಣೆಯಲ್ಲಿ ಮೈಕಿನ ಹಂಗು ಕಡಿಮೆ. ಸ್ಯಾಕ್ಸೋಫೋನಿನ ಕೀಲಿಗಳು ಟಕಟಕ ಅನ್ನುವುದು, ಊದುವವನು ಉಸಿರೆಳೆದುಕೊಳ್ಳುವುದು, ರೀಡಿನ ಮೇಲೆ ಎಂಜಲು ಸಿಕ್ಕಿ ಸ್ವರ ಒಡೆಯುವುದು, ಎಲ್ಲ ಕೇಳುತ್ತದೆ. ದೊಡ್ಡ ಸಭಾಂಗಣದಲ್ಲಿ ಸಂಗೀತ ಸಿದ್ಧವಾಗಿ ಬಂದು ತಲುಪುತ್ತದೆ. ಇಲ್ಲಿ ತಯಾರಾಗುವುದು ಕಾಣುತ್ತದೆ. ಆರು ದಿನ ಒಂದೇ ತಂಡ ನುಡಿಸುವುದರ ಅರ್ಥವೂ ಇಲ್ಲೇ ಗೊತ್ತಾಗಿದ್ದು. ಮಂಗಳವಾರದ ಮೊದಲ ಕಛೇರಿಯಲ್ಲಿ ಒಬ್ಬರನ್ನೊಬ್ಬರು ನೋಡಿಕೊಂಡು, ಎಚ್ಚರಿಕೆಯಿಂದ ಹೆಜ್ಜೆಯಿಡುತ್ತಾರೆ. ಭಾನುವಾರದ ಹೊತ್ತಿಗೆ ನೋಡುವುದೇ ಬೇಡ. ನನ್ನ ಅನುಭವ ಕೇಳಿದರೆ, ದುಡ್ಡಿದ್ದವರು ಮಂಗಳವಾರ ಒಮ್ಮೆ, ಭಾನುವಾರ ಒಮ್ಮೆ ಹೋಗಬೇಕು. ಇಲ್ಲದವರು ಭಾನುವಾರ.

ಈ ಜಾಗ ಮೊದಲಿನಿಂದ ಜಾಝಿನದ್ದಾಗಿರಲಿಲ್ಲ ಎಂಬುದು ಬಹಳ ಜನಕ್ಕೆ ಗೊತ್ತಿಲ್ಲ. ಲಿಥುವೇನಿಯಾದಲ್ಲಿ ಹುಟ್ಟಿ ಆರೆಗನ್ನಿನಲ್ಲಿ ಬೆಳೆದ ಮ್ಯಾಕ್ಸ್ ಗಾರ್ಡನ್ ಎಂಬಾತ, ಕವಿಗಳು ಕೂತು ಹರಟಲು ಒಂದು ಜಾಗ ಇರಲಿ ಎಂದು ಶುರುಮಾಡಿದ ಅಡ್ಡೆ ಇದು. ಈ ನೆಲಮಾಳಿಗೆಗೆ ಬಂದದ್ದು 1935ರಲ್ಲಿ. ಕವಿಗಳು ಎದ್ದು ನಿಂತು ಪದ್ಯ ಓದುತ್ತಿದ್ದರು. (ಕವಿಗಳಿಂದ ಹೋಟೆಲು ನಡೆಯುವುದಿಲ್ಲ ಎಂಬುದು ಎಲ್ಲ ದೇಶದಲ್ಲೂ ಸತ್ಯ.) ಆಮೇಲೆ ಹಾಸ್ಯದ ತಂಡಗಳು ಬಂದವು, ಹಾಡುಗಾರರು ಬಂದರು. 1941ರಲ್ಲಿ ಇಬ್ಬರು ಕರಿಯ ಗಾಯಕರು ಜೊತೆಯಾಗಿ ಇಲ್ಲಿ ಹಾಡಿದರು, ಜಾಷ್ ವೈಟ್ ಮತ್ತು ಲೆಡ್ ಬೆಲಿ. ಲೆಡ್ ಬೆಲಿಯ ನಿಜ ಹೆಸರು ಹಡ್ಡಿ ಲೆಡ್‌ಬೆಟರ್. ಲೂಸಿಯಾನದವನು. ಹನ್ನೆರಡು ತಂತಿಯ ಗಿಟಾರು. ಹತ್ತಿ ಹೊಲ, ಜೈಲು, ರೈಲು ಹಳಿಯ ಕೆಲಸ, ಇವುಗಳ ಹಾಡುಗಳೆಲ್ಲ ಆತನ ತಲೆಯಲ್ಲಿದ್ದವು. ಬ್ಲೂಸ್ ಎಂದು, ಜನಪದವೆಂದು, ಈಗಿನವರು ರೂಟ್ಸ್ ಎಂದು ಬೇರೆಬೇರೆ ಡಬ್ಬಿಗೆ ಹಾಕುವುದೆಲ್ಲ ಆತನಿಗೆ ಒಂದೇ ಗಂಟಿನಲ್ಲಿತ್ತು.

ಆತ ತೀರಿಕೊಂಡದ್ದು 1949ರ ಡಿಸೆಂಬರ್ ಮೊದಲ ವಾರ. ಅದೇ ತಿಂಗಳ ಕೊನೆಗೆ ಪೀಟ್ ಸೀಗರ್ ಇದ್ದ ವೀವರ್ಸ್ ಎಂಬ ತಂಡ ಇದೇ ವ್ಯಾನ್‌ಗಾರ್ಡಿನಲ್ಲಿ ಹಾಡಲು ಶುರುಮಾಡಿ ತಿಂಗಳುಗಟ್ಟಲೆ ಮುಂದುವರಿಸಿತು. ಮುಂದಿನ ವರ್ಷ ಅವರು ಮುದ್ರಿಸಿದ ‘ಗುಡ್‌ನೈಟ್ ಐರೀನ್’ ದೇಶದ ಒಂದನೇ ನಂಬರಿನ ಹಾಡಾಯಿತು. ಅದು ಲೆಡ್ ಬೆಲಿ ಹಾಡಿಕೊಂಡು ಬಂದಿದ್ದ ಹಾಡು. ಇದನ್ನು ಓದಿದ ದಿನ ನನಗೆ ಸಿಟ್ಟು ಬಂತು, ಯಾರ ಮೇಲೆ ಎಂದು ಗೊತ್ತಾಗಲಿಲ್ಲ. ಸೀಗರ್ ಒಳ್ಳೆಯ ಮನುಷ್ಯ, ಪ್ರೀತಿಯಿಂದಲೇ ಹಾಡಿದ. ಕೆಲವೇ ತಿಂಗಳು ಹೆಚ್ಚು ಬದುಕಿದ್ದರೆ, ಎಂದುಕೊಂಡು ಸುಮ್ಮನಾಗಬೇಕು, ಅಷ್ಟೇ.

ಇನ್ನೊಂದು ಪ್ರಸಂಗ. ಥೆಲೋನಿಯಸ್ ಮಂಕ್ ಎಂಬ ಪಿಯಾನೋ ವಾದಕನ ಹೆಸರನ್ನು ಇವತ್ತು ಜಾಝಿನ ಆ ಬಿ ಸಿ ಡಿ ಕಲಿತವರೆಲ್ಲ ಹೇಳುತ್ತಾರೆ. 1948ರಲ್ಲಿ ಆತ ಯಾರಿಗೂ ಬೇಡವಾಗಿದ್ದ. ಬ್ಲೂ ನೋಟ್ ಎಂಬ ಧ್ವನಿಮುದ್ರಣ ಸಂಸ್ಥೆಯ ಯಜಮಾನನ ಹೆಂಡತಿ ಲೊರೈನ್, ಮಂಕ್‌ನ ರೆಕಾರ್ಡುಗಳನ್ನು ಚೀಲದಲ್ಲಿ ಹಾಕಿಕೊಂಡು ಅಂಗಡಿ ಅಂಗಡಿ ತಿರುಗುತ್ತಿದ್ದಳು. ರಜೆಗೆಂದು ಫೈರ್ ಐಲೆಂಡಿಗೆ ಹೋದಾಗ ಮ್ಯಾಕ್ಸ್ ಗಾರ್ಡನ್ ಎದುರು ಸಿಕ್ಕ. ಬಿಡಲಿಲ್ಲ, ಒಪ್ಪಿಸಿಯೇ ಬಿಟ್ಟಳು. ಸೆಪ್ಟೆಂಬರಿನಲ್ಲಿ ಮಂಕ್ ಬಂದು ನುಡಿಸಿದ. ಜನ ಬರಲಿಲ್ಲ. ನೂರಿಪ್ಪತ್ಮೂರು ಕುರ್ಚಿಯ ಕೋಣೆ ಮಂಕ್‌ಗೂ ತುಂಬಲಿಲ್ಲ! ಮ್ಯಾಕ್ಸ್ ತಲೆಮೇಲೆ ಕೈ ಹೊತ್ತುಕೊಂಡ. ಮುಂದೆ ಲೊರೈನ್ ಆ ಗಂಡನನ್ನು ಬಿಟ್ಟು ಮ್ಯಾಕ್ಸ್‌ನನ್ನೇ ಮದುವೆಯಾದಳು. 1989ರಲ್ಲಿ ಮ್ಯಾಕ್ಸ್ ತೀರಿಕೊಂಡಾಗ ಒಂದು ದಿನ ಬಾಗಿಲು ಹಾಕಿ, ಮಾರನೆಯ ದಿನ ತಾನೇ ತೆರೆದಳು. 2018ರಲ್ಲಿ ಸಾಯುವತನಕ ನಡೆಸಿದಳು. ಈಗ ಮಗಳು ನಡೆಸುತ್ತಾಳೆ.

ಪೂರ್ತಿ ಜಾಝಿಗೆಂದು ತಿರುಗಿದ್ದು 1957ರಲ್ಲಿ. ಆ ವರ್ಷದ ನವೆಂಬರಿನಲ್ಲಿ ಸಾನಿ ರಾಲಿನ್ಸ್ ಪಿಯಾನೋ ಇಲ್ಲದೆ, ಬರೀ ಬಾಸ್ ಮತ್ತು ಡ್ರಮ್ ಇಟ್ಟುಕೊಂಡು ಸ್ಯಾಕ್ಸೋಫೋನ್ ಊದಿದ. 1961ರ ನವೆಂಬರಿನಲ್ಲಿ ಜಾನ್ ಕೊಲ್ಟ್ರೇನ್ ಬಂದ. ಆತ ನುಡಿಸಿದ್ದರಲ್ಲಿ ಒಂದರ ಹೆಸರು ‘ಇಂಡಿಯಾ’. ಅದರಲ್ಲಿ ಇಂಡಿಯಾವನ್ನು ಹುಡುಕಿ ನಾನು ಸೋತಿದ್ದೇನೆ. ಹುಡುಕದೆ ಕೇಳಿದರೆ ಮೈ ಜುಮ್ಮೆನ್ನುತ್ತದೆ. ಪಟ್ಟಿಯಿಂದ ಜನಪದ ಹಾಡುಗಾರರು ಮರೆಯಾದರೂ ಬ್ಲೂಸ್ ಮಾತ್ರ ಹೋಗಲಿಲ್ಲ, ಹೆಸರಿಲ್ಲದೆ ಒಳಗೆ ಕೂತಿತು. ಈಗಲೂ ಯಾವ ವಾರ ಹೋದರೂ, ಯಾವ ದೊಡ್ಡ ವಿದ್ವಾಂಸನ ತಂಡವಿರಲಿ, ರಾತ್ರಿಯಲ್ಲಿ ಒಮ್ಮೆಯಾದರೂ ಬ್ಲೂಸ್ ಬರುತ್ತದೆ ಎಂದೇ ಕೂತಿರುತ್ತೇನೆ. ನಾಲ್ಕು ನಾಲ್ಕು ಎಣಿಕೆಯ ಹನ್ನೆರಡು ಮನೆ. ನಲವತ್ತೆಂಟು ಎಣಿಕೆಗೆ ಒಂದು ಸುತ್ತು. ಮೂಲದಲ್ಲಿ ಮೂರೇ ಸ್ವರಮೇಳ, ಅವು ಬದಲಾಗುವ ಜಾಗವೂ ಗೊತ್ತಾದದ್ದೇ. ನಮ್ಮ ತಾಳದ ಆವರ್ತದ ಹಾಗೆ, ಎಲ್ಲಿ ಅಲೆದರೂ ಮನೆಗೆ ಬರಲೇಬೇಕು. ನಾನು ಮೇಜಿನ ಕೆಳಗೆ ಬೆರಳೆಣಿಸುತ್ತಾ ಕೂರುತ್ತೇನೆ. ಒಮ್ಮೆ ಪಕ್ಕದ ಮುದುಕರೊಬ್ಬರು ನನ್ನ ಕೈ ನೋಡಿ, ಎಲ್ಲಿಯವನು ಎಂದು ಪಿಸುಗುಟ್ಟಿ ಕೇಳಿದರು. ಬೆಂಗಳೂರು ಅಂದೆ. ಪಾಣೆಮಂಗಳೂರು ಅಂದಿದ್ದರೆ ವಿವರಿಸಬೇಕಾಗುತ್ತಿತ್ತು.

ಇನ್ನು ನನ್ನ ತಪ್ಪಿನ ವಿಷಯ.

ಆ 1961ರ ಭಾನುವಾರದ ಮೂವರಲ್ಲಿ ಡ್ರಮ್ ನುಡಿಸಿದ ಪಾಲ್ ಮೋಶನ್ ಇನ್ನೂ ಬದುಕಿದ್ದಾರೆ, ಅದೇ ಕೋಣೆಯಲ್ಲಿ ಈಗಲೂ ನುಡಿಸುತ್ತಾರೆ ಎಂದು ಗೊತ್ತಾದಾಗ ನನಗೆ ರೋಮಾಂಚನವಾಗಿತ್ತು. ಐವತ್ತು ವರ್ಷ! ವಯಸ್ಸಾದ ಮೇಲೆ ದೂರದ ಪ್ರವಾಸ ಬಿಟ್ಟು ನ್ಯೂಯಾರ್ಕಿನಲ್ಲೇ ಉಳಿದಿದ್ದರು, ಹಾಗಾಗಿ ವ್ಯಾನ್‌ಗಾರ್ಡಿನ ಪಟ್ಟಿಯಲ್ಲಿ ಅವರ ಹೆಸರು ಮತ್ತೆ ಮತ್ತೆ ಬರುತ್ತಿತ್ತು. ಅದೇ ತೊಂದರೆಯಾದದ್ದು. ಮತ್ತೆ ಮತ್ತೆ ಬರುವ ಹೆಸರನ್ನು ನಾವು ಮುಂದಕ್ಕೆ ಹಾಕುತ್ತೇವೆ. ಎಲ್ಲಿಂದಲೋ ಅಪರೂಪಕ್ಕೆ ಬರುವವರಿಗೆ ಟಿಕೆಟ್ ತೆಗೆಯುತ್ತೇವೆ, ಇಲ್ಲೇ ಇರುವವರಿಗೆ ‘ಇವರು ಹೇಗೂ ಇರುತ್ತಾರಲ್ಲ’ ಅನ್ನುತ್ತೇವೆ. 2011ರಲ್ಲಿ ಪಟ್ಟಿಯಲ್ಲಿ ಅವರ ಹೆಸರನ್ನು ಕಂಡು ನಾನು ಹಾಗೇ ಮಾಡಿದೆ. ಪರೀಕ್ಷೆ ಇತ್ತು, ಕೈಯಲ್ಲಿ ದುಡ್ಡಿರಲಿಲ್ಲ, ಎಲ್ಲ ನಿಜ. ಆದರೆ ಅದೇ ತಿಂಗಳು ಇನ್ಯಾರದೋ ದೊಡ್ಡ ಕಛೇರಿಗೆ ದುಪ್ಪಟ್ಟು ಕೊಟ್ಟು ಹೋಗಿದ್ದೂ ನಿಜ. ಆ ವರ್ಷ ನವೆಂಬರ್ 22ರಂದು ಮೋಶನ್ ತೀರಿಕೊಂಡರು. ಆ ಕೋಣೆಯಲ್ಲಿ ನಾನು ಎಷ್ಟೋ ಡ್ರಮ್ ಕೇಳಿದ್ದೇನೆ, ಅವರದ್ದನ್ನಲ್ಲ.

ಇದು ಅಪರಿಚಿತರ ವಿಷಯವಾಯಿತು. ಮನೆಯದ್ದು ಇನ್ನೂ ಇದೆ.

ಕೆಲವು ವರ್ಷಗಳ ಹಿಂದೆ ಊರಿಗೆ ಹೋದಾಗ ಸಂಬಂಧಿಕರ ಮದುವೆಯೊಂದಿತ್ತು. ಮಾವನದ್ದೇ ವಾಲಗ. ಮಂಟಪದ ಎಡಗಡೆ ಚಾಪೆ ಹಾಸಿ ನಾಲ್ವರು ಕೂತಿದ್ದರು. ಮಾವ, ಡೋಲಿನವರಿಬ್ಬರು, ತಾಳದ ಹುಡುಗ. ಒಂದು ಕೀರ್ತನೆಯನ್ನು ಎತ್ತಿಕೊಂಡು ಮಾವ ವಿಸ್ತಾರ ಮಾಡುತ್ತಿದ್ದರು. ಫೋಟೋದವನು ಬಂದು, ವಧುವಿನ ಕಡೆಯವರು ಫ್ರೇಮಿನಲ್ಲಿ ಬರುತ್ತಿಲ್ಲ, ಸ್ವಲ್ಪ ಆಚೆ ಕೂತ್ಕೊಳ್ಳಿ ಅಂದ. ಮಾವ ಊದುತ್ತಲೇ ತಲೆಯಾಡಿಸಿದರು. ಸಾಲು ಮುಗಿಸಿ ಎದ್ದರು. ನಾಲ್ವರೂ ಚಾಪೆ ಎಳೆದುಕೊಂಡು ಊಟದ ಹಾಲಿನ ಬಾಗಿಲ ಪಕ್ಕಕ್ಕೆ ಹೋದರು. ಬಿಟ್ಟಲ್ಲಿಂದಲೇ ಮುಂದುವರಿಸಿದರು. ಸಭೆಯಲ್ಲಿ ಏಳೆಂಟುನೂರು ಜನ ಇದ್ದರು. ಯಾರೂ ಗಮನಿಸಲಿಲ್ಲ. ನಾನು ಗಮನಿಸಿದೆ, ಮತ್ತೆ ಫೋನು ನೋಡಿದೆ. ಅದರಲ್ಲಿ ಏನಿತ್ತು ಅಂತ ನಾಚಿಕೆಯಿಂದ ಹೇಳುತ್ತೇನೆ, ವ್ಯಾನ್‌ಗಾರ್ಡಿನ ಪಟ್ಟಿ. ಹಿಂತಿರುಗಿ ಹೋದ ವಾರ ಯಾರದ್ದು ಕಛೇರಿ ಎಂದು ನೋಡುತ್ತಿದ್ದೆ.

ಆಮೇಲೆ ನ್ಯೂಯಾರ್ಕಿನಲ್ಲಿ, ಆ ಕೆಂಪು ಬಾಗಿಲಿನ ಹಿಂದೆ, ಮಾತಾಡಿದರೆ ಪಕ್ಕದವರು ದುರುಗುಟ್ಟಿ ನೋಡುವ ಮೌನದಲ್ಲಿ ಕೂತಾಗ ಆ ಚಾಪೆ ನೆನಪಾಗತೊಡಗಿತು. ಜಾಝಿನವರನ್ನು ಹೊಗಳಿ ನಮ್ಮವರನ್ನು ಬೈಯುವುದು ಇಲ್ಲಿ ನನ್ನ ಉದ್ದೇಶವಲ್ಲ. ಆ ಮೌನ ವ್ಯಾನ್‌ಗಾರ್ಡಿನಲ್ಲೂ ಹುಟ್ಟಿನಿಂದ ಬಂದದ್ದಲ್ಲ. 1961ರ ಮುದ್ರಣದಲ್ಲಿ ಗ್ಲಾಸಿನ ಸದ್ದು ಕೇಳಿದವರಿಗೆ ಗೊತ್ತು. ಬಿಲ್ ಎವಾನ್ಸ್ ನುಡಿಸುವಾಗಲೂ ಜನ ಮಾತಾಡುತ್ತಲೇ ಇದ್ದರು. ಮದುವೆಯ ವಾಲಗವನ್ನು ಯಾರೂ ಕೇಳದಿರುವುದರಲ್ಲೂ ಒಂದು ನ್ಯಾಯ ಇದೆ. ಅದು ಮಂಗಳವಾದ್ಯ, ಇದ್ದರೆ ಸಾಕು, ದೀಪ ಇದ್ದ ಹಾಗೆ. ದೀಪವನ್ನು ಯಾರು ದಿಟ್ಟಿಸಿ ನೋಡುತ್ತಾರೆ? ಆದರೆ ನಾನು ರಾಲಿನ್ಸ್ ಊದಿದ ಜಾಗ ಎಂದು ಹಡ್ಸನ್ ದಾಟಿ ಹೋಗಿ ಉಸಿರು ಬಿಗಿಹಿಡಿದು ಕೂರುವವನು. ಮಾವನ ಎದುರು ಒಂದು ರಾಗ ಮುಗಿಯುವವರೆಗೆ ಒಮ್ಮೆಯೂ ಕೂತವನಲ್ಲ.

ಮಾವನಿಗೆ ವ್ಯಾನ್‌ಗಾರ್ಡಿನ ಸುದ್ದಿ ಹೇಳುತ್ತಿರುತ್ತೇನೆ. (ನಮ್ಮ ಮಾತು ನಡೆಯುವುದು ತುಳುವಿನಲ್ಲಿ. ಇಲ್ಲಿ ಕನ್ನಡಕ್ಕೆ ತಂದಿದ್ದೇನೆ.)

“ವಾರ ಇಡೀ ಒಂದೇ ಕಡೆಯಾ? ಹಾಗಾದರೆ ಬಸ್ಸಿನ ಖರ್ಚು ಇಲ್ಲ” ಅಂದರು ಮೊದಲ ಸಲ.

“ಇಲ್ಲ ಮಾವ.”

“ಊಟ ಅವರೇ ಕೊಡುತ್ತಾರಾ?”

“ಅಲ್ಲಿ ಊಟವೇ ಇಲ್ಲ. ಕುಡಿಯಲಿಕ್ಕೆ ಮಾತ್ರ. ಹಿಂದೆ ಅಡುಗೆ ಮಾಡುತ್ತಿದ್ದರಂತೆ. ಈಗ ಆ ಅಡುಗೆಮನೆಯಲ್ಲಿ ವಾದಕರು ಕೂತುಕೊಳ್ಳುತ್ತಾರೆ, ಎರಡು ಕಛೇರಿಯ ನಡುವೆ.”

ಮಾವ ಜೋರಾಗಿ ನಕ್ಕರು. “ಅಡುಗೆಮನೆಯಲ್ಲಾ? ನಮಗೂ ಅಲ್ಲಿಯೇ ಅಲ್ವಾ ಜಾಗ ತೋರಿಸುವುದು! ಆ ಮಟ್ಟಿಗೆ ಅಮೆರಿಕವೂ ಒಂದೇ ಉಂಟು ಮಾರಾಯ.”

ಬ್ಲೂಸಿನ ಹನ್ನೆರಡು ಮನೆಯ ವಿಷಯ ವಿವರಿಸಿದಾಗ ಮಾತ್ರ ನಗಲಿಲ್ಲ. ಫೋನಿನಲ್ಲೇ ಒಂದು ತುಣುಕು ಕೇಳಿಸಿದೆ. ಅತ್ತ ಕಡೆಯಿಂದ ಅಂಗೈ ತೊಡೆಗೆ ಬೀಳುವ ಸದ್ದು ಬರುತ್ತಿತ್ತು. ಎರಡನೇ ಸುತ್ತಿಗೇ ಹಿಡಿದುಬಿಟ್ಟರು. “ಇವನು ಐದನೇ ಮನೆಯಲ್ಲಿ ಮೇಲೆ ಹೋಗುತ್ತಾನೆ, ಹೌದಾ? ಏಳಕ್ಕೆ ವಾಪಸ್ಸು.” ನನಗೆ ಅದು ತಿಳಿಯಲು ಎರಡು ವರ್ಷ ಬೇಕಾಗಿತ್ತು.

ಮಾವನ ಹತ್ತಿರವೂ ಒಂದು ಪಟ್ಟಿ ಉಂಟು. ಸೊಸೈಟಿಯವರು ಹೊಸವರ್ಷಕ್ಕೆ ಕೊಡುವ ಕಿಸೆ ಡೈರಿ. ಅದರಲ್ಲಿ ತಾರೀಕು, ಮುಹೂರ್ತದ ಹೊತ್ತು, ಹಾಲಿನ ಹೆಸರು, ಮುಂಗಡ ಕೊಟ್ಟರೋ ಇಲ್ಲವೋ ಎಂಬ ಗುರುತು. ಮುಂದೆ ನಡೆಯಲಿರುವ ಕಛೇರಿಗಳು, ಹಾಗೆ ನೋಡಿದರೆ. ಹಿಂದೆ ಏಪ್ರಿಲ್, ಮೇ ತಿಂಗಳ ಪುಟಗಳಲ್ಲಿ ಜಾಗವಿಲ್ಲದೆ ಅಂಚಿನಲ್ಲಿ ಬರೆದಿರುತ್ತಿತ್ತು. 2020ರ ಮಾರ್ಚ್‌ನಲ್ಲಿ ವ್ಯಾನ್‌ಗಾರ್ಡ್ ಮುಚ್ಚಿದಾಗ ಈ ಡೈರಿಯೂ ಖಾಲಿಯಾಯಿತು. ಅಲ್ಲಿ ಖಾಲಿ ಕುರ್ಚಿಗಳ ಎದುರು ನುಡಿಸಿ, ಕ್ಯಾಮೆರಾದ ಮೂಲಕ ನಮ್ಮಂಥವರಿಗೆ ಮನೆಯಲ್ಲಿ ತೋರಿಸಿದರು. ನಾನು ದುಡ್ಡು ಕೊಟ್ಟು ಅಡುಗೆಮನೆಯಲ್ಲಿ ಕೂತು ನೋಡಿದೆ. ಊರಲ್ಲಿ ಮದುವೆಗೆ ಐವತ್ತು ಜನ ಎಂದು ಸರಕಾರ ಹೇಳಿತು. “ಐವತ್ತರಲ್ಲಿ ವಾಲಗದ ನಾಲ್ಕು ಯಾರು ಇಟ್ಟುಕೊಳ್ಳುತ್ತಾರೆ?” ಅಂದಿದ್ದರು ಮಾವ. ಮೊಬೈಲಿನಲ್ಲಿ ವಾಲಗ ಹಾಕಿ ತಾಳಿ ಕಟ್ಟಿದ್ದಾರೆ. ವ್ಯಾನ್‌ಗಾರ್ಡ್ 2021ರ ಸೆಪ್ಟೆಂಬರಿನಲ್ಲಿ ತೆರೆಯಿತು. ಡೈರಿ ಮೊದಲಿನ ಹಾಗೆ ತುಂಬಲಿಲ್ಲ.

ಮಾವನಿಗೀಗ ಎಪ್ಪತ್ತೆರಡು. ಕೆಳಗಿನ ಎರಡು ಹಲ್ಲು ಅಲ್ಲಾಡುತ್ತಿವೆ. ಸ್ಯಾಕ್ಸೋಫೋನು ಊದುವವರಿಗೆ ಇದು ಸಣ್ಣ ವಿಷಯವಲ್ಲ. ಮೌತ್‌ಪೀಸನ್ನು ಹಿಡಿಯುವುದು ಮೇಲಿನ ಹಲ್ಲು ಮತ್ತು ಕೆಳತುಟಿ, ಆ ತುಟಿಗೆ ಆಧಾರ ಕೆಳಗಿನ ಹಲ್ಲು. ಅದು ಹೋದರೆ ತುಟಿ ಕುಸಿಯುತ್ತದೆ, ಸ್ವರವೂ. ಹಲ್ಲಿನ ಡಾಕ್ಟರರು ಕೀಳಬೇಕು ಅಂದಿದ್ದಾರೆ. ಈ ಸೀಸನ್ ಮುಗಿಯಲಿ ಎಂದು ಇವರು ಮುಂದಕ್ಕೆ ಹಾಕಿದ್ದಾರೆ.

ಕಳೆದ ತಿಂಗಳು ಫೋನು ಮಾಡಿದಾಗ ಡೈರಿ ಓದಿ ಹೇಳಿ ಅಂದೆ. ಎಂಥಕ್ಕೆ ಎಂದು ಕೇಳಿ, ಕನ್ನಡಕ ಹುಡುಕಿ, ಓದಿದರು. ಏಪ್ರಿಲ್‌ನಲ್ಲಿ ಮೂರು. ಮೇಯಲ್ಲಿ ಎರಡು, ಒಂದು ದೇವಸ್ಥಾನದ್ದು. “ಮತ್ತೆ ನೋಡಬೇಕು” ಅಂದರು. ಮತ್ತೆ ಅಂದರೆ ಆಮೇಲೆ ಎಂದು. ನಾನು ಮೇ ತಿಂಗಳ ಎರಡನೆಯದ್ದರ ತಾರೀಕು ಬರೆದುಕೊಂಡೆ.

“ಯಾರ ಮದುವೆ ಅದು?”

“ನಿನಗೆ ಗೊತ್ತಿಲ್ಲ. ಬಿ.ಸಿ. ರೋಡಿನ ಕಡೆಯವರು.”

“ನಾನು ಬರುತ್ತೇನೆ.”

ಸ್ವಲ್ಪ ಹೊತ್ತು ಮಾತಿಲ್ಲ. “ಮದುವೆಗಾ? ಕರೆಯದ ಮನೆಗೆ ಹೇಗೆ ಬರುತ್ತಿ?”

“ನೀವು ಊದುವುದು ಕೇಳಲಿಕ್ಕೆ.”

ಮಾವ ಮತ್ತೇನೋ ವಿಷಯ ತೆಗೆದರು, ಅಡಿಕೆಯ ಧಾರಣೆ, ಬಾವಿಯ ಪಂಪು. ನಾನು ಬಿಡಲಿಲ್ಲ. ಕೊನೆಗೆ ಹೇಳಿದರು, “ವಾಲಗದವರ ಒಟ್ಟಿಗೆ ಬಂದರೆ ಯಾರೂ ಕೇಳುವುದಿಲ್ಲ. ಶ್ರುತಿಪೆಟ್ಟಿಗೆ ಹಿಡಿದುಕೊಂಡು ನಡೆ. ಬಿಳಿ ಪಂಚೆ ಉಂಟಾ ನಿನ್ನ ಹತ್ತಿರ?”

ಉಂಟು ಅಂದೆ. ಇಲ್ಲ. ತೆಗೆದುಕೊಳ್ಳಬೇಕು.

ಮೇ ತಿಂಗಳ ಆ ವಾರ ವ್ಯಾನ್‌ಗಾರ್ಡಿನ ಪಟ್ಟಿಯಲ್ಲಿ ನಾನು ಬಹಳ ದಿನದಿಂದ ಕಾಯುತ್ತಿದ್ದ ಒಬ್ಬ ಸ್ಯಾಕ್ಸೋಫೋನ್ ವಾದಕನ ಹೆಸರಿದೆ. ಮಂಗಳವಾರದಿಂದ ಭಾನುವಾರ, ಎಂಟಕ್ಕೆ, ಹತ್ತಕ್ಕೆ. ಟಿಕೆಟಿನ ಪುಟ ತೆರೆದು ಸುಮ್ಮನೆ ಸ್ವಲ್ಪ ಹೊತ್ತು ನೋಡಿ ಮುಚ್ಚಿದೆ. ವಿಮಾನದ ಟಿಕೆಟು ತೆಗೆದಾಯಿತು. ಮೊನ್ನೆ ಮಾವ ತಾವಾಗಿಯೇ ಫೋನು ಮಾಡಿದ್ದರು. ಹಾಗೆ ಮಾಡುವವರಲ್ಲ.

“ಮುಹೂರ್ತ ಹನ್ನೊಂದೂವರೆಗೆ. ಅಷ್ಟು ಹೊತ್ತಿಗೆ ನೀನು ಬಂದು ಪ್ರಯೋಜನ ಇಲ್ಲ, ಆಗ ಬರೀ ಗಟ್ಟಿಮೇಳ. ಬೆಳಿಗ್ಗೆ ಎಂಟೂವರೆಗೇ ಬಾ. ಕುರ್ಚಿ ಇಟ್ಟಿರುತ್ತಾರೆ, ಜನ ಬಂದಿರುವುದಿಲ್ಲ. ಆ ಹೊತ್ತಿಗೆ ನಾನೊಂದು ಅರ್ಧ ಗಂಟೆ ಊದುತ್ತೇನೆ, ಯಾವಾಗಲೂ.”

“ಯಾರಿಗೆ ಮಾವ, ಯಾರೂ ಇಲ್ಲದಿರುವಾಗ?”

“ರೀಡು ಬಿಸಿಯಾಗಬೇಕಲ್ಲ” ಅಂದರು. ಆಮೇಲೆ, ಯಾವ ರಾಗ ಬೇಕು ಎಂದು ಕೇಳಿದರು.